ಆಯುಧದ ಸ್ಮಾರಕ ಮತ್ತು ಅಹಿಂಸಾಧರ್ಮ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಕೂಗಳತೆಯ ಅಂತರದಲ್ಲಿ ಎರಡು ಸ್ಮಾರಕಗಳಿವೆ. ಒಂದು ಕಲ್ಲಿನದು, ಇನ್ನೊಂದು ಲೋಹದ್ದು. ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ವೀರಗಲ್ಲು ಮೊದಲನೆಯದು; ಅದು ಶಕವರ್ಷ 872ರ, ಎಂದರೆ ಕ್ರಿ.ಶ. 949-50ರ ಕಾಲದ್ದು. ನೆರೆಯಲ್ಲಿಯೇ ಇರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಹೊರಗೆ ಪ್ರದರ್ಶನಕ್ಕಿರುವ ಎಚ್.ಎಫ್.-24 'ಮರುತ್' ಎಂಬ ಯುದ್ಧವಿಮಾನ ಎರಡನೆಯದು. ಸಾವಿರ ವರ್ಷಗಳ ಅಂತರವುಳ್ಳ ಈ ಎರಡೂ ಆಯುಧ ಹಿಡಿದವರ ನೆನಪನ್ನು ಕಾಯುತ್ತಿವೆ. ರಜೆಯ ದಿನಗಳಲ್ಲಿ ಮಕ್ಕಳ ಕೈಹಿಡಿದು ಬರುವ ಶ್ರಾವಕ ಕುಟುಂಬಗಳೂ ಆ ವಿಮಾನದ ಮುಂದೆ ನಿಲ್ಲುತ್ತವೆ. ಅದರ ಮೂತಿಯ ಬದಿಯಲ್ಲಿರುವ ರಂಧ್ರಗಳು ಏನೆಂದು ಮಕ್ಕಳು ಕೇಳುವುದು ಸಹಜ. ಅವು ಫಿರಂಗಿಗಳ ಬಾಯಿಗಳು. ಈ ಉತ್ತರವನ್ನು ಹೇಳಬೇಕಾದ ತಂದೆತಾಯಿಯರ ಮನಸ್ಸಿನಲ್ಲಿ ಒಂದು ಕ್ಷಣ ಹುಟ್ಟುವ ಅಳುಕೇ ಇಲ್ಲಿನ ವಿಚಾರದ ಮೂಲ.

ನಿವೃತ್ತವಾದ ಯುದ್ಧವಿಮಾನಗಳನ್ನು ಗುಜರಿಗೆ ಹಾಕದೆ ವಸ್ತುಸಂಗ್ರಹಾಲಯಗಳಿಗೆ, ಊರಿನ ವೃತ್ತಗಳಿಗೆ, ಕಾಲೇಜುಗಳ ಆವರಣಗಳಿಗೆ ಕೊಡುವ ಪದ್ಧತಿ ದೇಶದಲ್ಲಿ ಬೆಳೆದು ಬಂದಿದೆ. ಹೀಗೆ ಬಂದ ವಿಮಾನ ಹಲವು ವೇಳೆ ಬಣ್ಣಗೆಟ್ಟು, ತುಕ್ಕು ಹಿಡಿದು, ಗಾಜು ಮಬ್ಬಾಗಿ, ಗಾಲಿಗಳು ಕುಸಿದು ನಿಂತಿರುತ್ತದೆ. ಅದನ್ನು ಮತ್ತೆ ನೋಡುವಂತೆ ಮಾಡಲು ನಿವೃತ್ತ ತಂತ್ರಜ್ಞರು, ವಿದ್ಯಾರ್ಥಿಗಳು, ದಾನಿಗಳು ತಿಂಗಳುಗಟ್ಟಲೆ ಶ್ರಮಿಸಬೇಕಾಗುತ್ತದೆ. ಇಂತಹ ಕಾರ್ಯದಲ್ಲಿ ಒಬ್ಬ ಶ್ರಾವಕ ಭಾಗಿಯಾಗಬಹುದೇ? ಜಿನಮಂದಿರದ ಟ್ರಸ್ಟ್ ನಡೆಸುವ ಒಂದು ವಿದ್ಯಾಸಂಸ್ಥೆಯ ಅಂಗಳದಲ್ಲಿ ಇಂತಹ ವಿಮಾನವನ್ನು ನಿಲ್ಲಿಸುವ ಪ್ರಸ್ತಾಪ ಬಂದರೆ ಧರ್ಮಾಧಿಕಾರಿಗಳು ಏನು ಹೇಳಬೇಕು? ಕೊಲ್ಲುವುದಕ್ಕಾಗಿಯೇ ನಿರ್ಮಿತವಾದ ಯಂತ್ರವನ್ನು ತೊಳೆದು, ಬಣ್ಣ ಬಳಿದು, ಮಕ್ಕಳ ಮುಂದೆ ನಿಲ್ಲಿಸುವುದು ಅಹಿಂಸಾಣುವ್ರತಕ್ಕೆ ಭಂಗವೇ, ಅಲ್ಲವೇ? ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಬೇರು ಆಳವಾಗಿದೆ.

ಈ ವಿಷಯ ತಮಗೆ ಸಂಬಂಧಿಸಿದ್ದಲ್ಲವೆಂದು ಜೈನ ಸಮಾಜ ಸುಮ್ಮನಿರುವಂತಿಲ್ಲ. ಮರುತ್ ವಿಮಾನ ಹುಟ್ಟಿದ ಬೆಂಗಳೂರಿನ ಕಾರ್ಖಾನೆಯನ್ನು 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 'ಹಿಂದೂಸ್ತಾನ್ ಏರ್‌ಕ್ರಾಫ್ಟ್' ಎಂಬ ಹೆಸರಿನಿಂದ ಸ್ಥಾಪಿಸಿದವರು ಸೇಠ್ ವಾಲ್‌ಚಂದ್ ಹೀರಾಚಂದ್. 1882ರಲ್ಲಿ ಸೊಲ್ಲಾಪುರದ ಒಂದು ಜೈನ ಮನೆತನದಲ್ಲಿ ಜನಿಸಿದ ಅವರು ಹಡಗು, ಮೋಟಾರು, ವಿಮಾನ ಈ ಮೂರೂ ಉದ್ಯಮಗಳಲ್ಲಿ ಭಾರತೀಯರು ಪರರ ಹಂಗಿಲ್ಲದೆ ನಿಲ್ಲಬೇಕೆಂದು ಹಂಬಲಿಸಿದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ ಆ ಕಾರ್ಖಾನೆ ಸರ್ಕಾರದ ಆಡಳಿತಕ್ಕೆ ಹೋಯಿತು. 1964ರಲ್ಲಿ 'ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್' ಆಯಿತು. ಸ್ವಾವಲಂಬನೆಯ ಸಂಕಲ್ಪದಿಂದ ನೆಟ್ಟ ಆ ಸಸಿ ಮುಂದೆ ಯುದ್ಧವಿಮಾನಗಳ ಫಲವನ್ನೂ ಕೊಟ್ಟಿತು. ಇದಕ್ಕಾಗಿ ಯಾರನ್ನೂ ದೂಷಿಸಬೇಕಾಗಿಲ್ಲ. ಆದರೆ ಈ ಯಂತ್ರಗಳ ಇತಿಹಾಸದಿಂದ ತಾನು ಹೊರಗಿದ್ದೇನೆಂದು ಹೇಳಿಕೊಳ್ಳುವುದು ಸಮಾಜಕ್ಕೆ ಸಾಧ್ಯವಿಲ್ಲ.

ಮರುತ್ ವಿಮಾನದ ವೃತ್ತಾಂತವನ್ನು ಸಂಕ್ಷೇಪವಾಗಿ ತಿಳಿಯುವುದು ಇಲ್ಲಿ ಅವಶ್ಯಕ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ಭಾರತಕ್ಕೆ ಬಂದು, ಬೆಂಗಳೂರಿನಲ್ಲಿ ಭಾರತೀಯ ಎಂಜಿನಿಯರುಗಳ ತಂಡದೊಡನೆ ಅದನ್ನು ರೂಪಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಎಂಬ ಪರೀಕ್ಷಕ ಪೈಲಟ್ ಅದನ್ನು ಪ್ರಥಮವಾಗಿ ಹಾರಿಸಿದರು. ಶಬ್ದವೇಗವನ್ನು ಮೀರಿ ಹಾರಬೇಕೆಂಬ ಉದ್ದೇಶದಿಂದ ರೂಪುಗೊಂಡ ಆ ವಿಮಾನಕ್ಕೆ ತಕ್ಕ ಎಂಜಿನ್ ಕೊನೆಗೂ ದೊರೆಯಲಿಲ್ಲ. ಬ್ರಿಟನ್ನಿನ ಓರ್ಫಿಯಸ್ ಎಂಜಿನ್ನುಗಳೆರಡನ್ನು ಇಟ್ಟು ತೃಪ್ತಿಪಡಬೇಕಾಯಿತು. ಉದ್ದೇಶಿಸಿದ ವೇಗ ಕೈಗೂಡಲಿಲ್ಲ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವ ಪ್ರಯತ್ನದ ಒಂದು ಮಾದರಿಯನ್ನು ಹಾರಿಸುತ್ತಿದ್ದಾಗ, 1970ರ ಜನವರಿ 10ರಂದು, ಅದೇ ಸುರಂಜನ್ ದಾಸ್ ಬೆಂಗಳೂರಿನಲ್ಲಿ ಅಪಘಾತದಲ್ಲಿ ಮಡಿದರು. ಒಟ್ಟು 147 ಮರುತ್ ವಿಮಾನಗಳು ನಿರ್ಮಾಣವಾದವು. 1971ರ ಡಿಸೆಂಬರ್ ಯುದ್ಧದಲ್ಲಿ ರಾಜಸ್ಥಾನ ಮತ್ತು ಸಿಂಧ್ ಗಡಿಯಲ್ಲಿ ಭೂಮಿಯ ಮೇಲಿನ ಗುರಿಗಳನ್ನು ಹೊಡೆಯಲು ಅವು ಬಳಕೆಯಾದವು. 1990ರ ಹೊತ್ತಿಗೆ ಸೇನೆಯಿಂದ ನಿವೃತ್ತವಾದವು. ಕೆಲವು ಮಾತ್ರ ಉಳಿದಿವೆ. ಬೆಂಗಳೂರಿನಲ್ಲಿ 2001ರಲ್ಲಿ ತೆರೆದ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಒಂದಿದೆ, ಕುರ್ಟ್ ಟ್ಯಾಂಕರ ದೇಶವಾದ ಜರ್ಮನಿಯ ವಸ್ತುಸಂಗ್ರಹಾಲಯಕ್ಕೂ ಒಂದು ಸೇರಿದೆ.

ಇನ್ನು ಇಂತಹ ವಿಮಾನವನ್ನು ಪ್ರದರ್ಶನಕ್ಕೆ ಅಣಿಗೊಳಿಸುವ ಕೆಲಸದ ಸ್ವರೂಪವೇನು? ಮೊದಲ ಕೆಲಸ ಶೃಂಗಾರವಲ್ಲ, ನಿಶ್ಶಸ್ತ್ರೀಕರಣ. ಫಿರಂಗಿಗಳನ್ನು ತೆಗೆಯಬೇಕು, ಇಲ್ಲವೆ ಮತ್ತೆಂದೂ ಸಿಡಿಯದಂತೆ ಮಾಡಬೇಕು. ಆಪತ್ತಿನಲ್ಲಿ ಪೈಲಟನನ್ನು ಹೊರಕ್ಕೆ ಚಿಮ್ಮಿಸುವ ಇಜೆಕ್ಷನ್ ಸೀಟಿನೊಳಗೆ ಸ್ಫೋಟಕದ ತೋಟೆಗಳಿರುತ್ತವೆ. ವಿಮಾನ ನೆಲದ ಮೇಲೆ ನಿಂತು ವರ್ಷಗಳಾದರೂ ಅವು ಮನುಷ್ಯನನ್ನು ಕೊಲ್ಲಬಲ್ಲವು. ಅವುಗಳನ್ನು ಬಲ್ಲವರಿಂದ ತೆಗೆಸದೆ ಯಾರನ್ನೂ ಒಳಗೆ ಕೂರಿಸಬಾರದು. ಟ್ಯಾಂಕುಗಳಲ್ಲಿ ಉಳಿದ ಇಂಧನವನ್ನೂ ಹೈಡ್ರಾಲಿಕ್ ಎಣ್ಣೆಯನ್ನೂ ಬಸಿಯಬೇಕು, ಒತ್ತಡದಲ್ಲಿರುವ ಅನಿಲವನ್ನು ಬಿಡಬೇಕು. ಅನಂತರ ತುಕ್ಕಿನ ಪರೀಕ್ಷೆ. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ತುಕ್ಕು ಹಿಡಿಯುವುದಿಲ್ಲ. ಬಿಳಿಯ ಪುಡಿಯಾಗಿ, ಹಾಳೆ ಹಾಳೆಯಾಗಿ ಒಳಗಿನಿಂದ ಬಿಡುತ್ತದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ತಗಡನ್ನು ಮುಟ್ಟುವಲ್ಲಿ ನೀರು ನಿಂತರೆ ತಗಡು ಸವೆಯುತ್ತದೆ. ಕೆಟ್ಟ ರಿವೆಟ್‌ಗಳನ್ನು ಒಂದೊಂದಾಗಿ ಕೊರೆದು ತೆಗೆದು ಹೊಸದನ್ನು ಹಾಕಬೇಕು. ಮಳೆನೀರು ಹರಿದುಹೋಗುವ ಸಣ್ಣ ರಂಧ್ರಗಳನ್ನು ತೆರವುಗೊಳಿಸಬೇಕು. ಹಳೆಯ ಬಣ್ಣದ ತಳಪದರದಲ್ಲಿ ಕ್ರೋಮೇಟಿನಂತಹ ವಿಷವಸ್ತುಗಳಿರುವುದುಂಟು. ಮುಖವಾಡವಿಲ್ಲದೆ ಅದನ್ನು ಉಜ್ಜಿದರೆ ಕೆಲಸಗಾರನ ಶ್ವಾಸಕ್ಕೆ ಕೇಡು. ಗಾಳಿ ಹೊಗುವ ದ್ವಾರಗಳಲ್ಲಿ, ಎಂಜಿನ್ನಿನ ಹಿಂದಿನ ಕೊಳವೆಯಲ್ಲಿ ಹಕ್ಕಿಗಳು ಗೂಡು ಕಟ್ಟಿರುತ್ತವೆ. ಮರಿಗಳಿದ್ದರೆ ಅವು ಹಾರಿಹೋಗುವ ತನಕ ಆ ಭಾಗದ ಕೆಲಸವನ್ನು ನಿಲ್ಲಿಸಿ, ಅನಂತರ ಜಾಲರಿ ಕಟ್ಟುವುದು ವಿವೇಕಿಯ ದಾರಿ. ಕೊಲ್ಲುವ ಯಂತ್ರದ ಹೊಟ್ಟೆಯಲ್ಲಿ ಒಂದು ಸಂಸಾರ ಬೆಳೆಯುತ್ತಿರುವಾಗ ಕೆಲಸ ಎರಡು ವಾರ ತಡವಾದರೆ ಯಾವ ನಷ್ಟವೂ ಇಲ್ಲ.

ಹೀಗೆ ನೋಡಿದರೆ ಜೀರ್ಣೋದ್ಧಾರದ ಪ್ರಥಮ ಹಂತವೇ ಆಯುಧತ್ವದ ವಿಸರ್ಜನೆ. ಆದರೂ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಈ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮೂರು ಅಭಿಪ್ರಾಯಗಳನ್ನು ಪರಿಶೀಲಿಸಬೇಕು.

ವಿಮಾನ ಜಡವಸ್ತು, ಅದಕ್ಕೆ ಪಾಪವಿಲ್ಲ ಪುಣ್ಯವಿಲ್ಲ, ಆದ್ದರಿಂದ ಚಿಂತೆಗೆ ಕಾರಣವಿಲ್ಲ ಎಂಬುದು ಮೊದಲನೆಯ ಅಭಿಪ್ರಾಯ. ಲೋಹಕ್ಕೆ ಪಾಪವಿಲ್ಲವೆಂಬುದು ದಿಟ. ಆದರೆ ಆಸ್ರವದ ವಿಚಾರದಲ್ಲಿ ತತ್ತ್ವಾರ್ಥಸೂತ್ರಕಾರರು ಜೀವವನ್ನು ಮಾತ್ರವಲ್ಲದೆ ಅಜೀವವನ್ನೂ ಅಧಿಕರಣವೆಂದು, ಎಂದರೆ ಕರ್ಮಕ್ಕೆ ಆಶ್ರಯವಾಗಬಲ್ಲದ್ದೆಂದು ಎಣಿಸಿದ್ದಾರೆ. ವಸ್ತುವನ್ನು ನಿರ್ಮಿಸುವುದು, ಇಡುವುದು, ಜೋಡಿಸುವುದು, ಮನೋವಾಕ್ಕಾಯಗಳನ್ನು ಪ್ರವರ್ತಿಸುವುದು ಈ ನಾಲ್ಕರಲ್ಲಿಯೂ ಎಚ್ಚರ ಬೇಕೆಂಬುದು ಅದರ ತಾತ್ಪರ್ಯ. ಹಳೆಯ ವಿಮಾನವನ್ನು ಸರಿಪಡಿಸುವವನು ಮಾಡುವುದು ಇವುಗಳನ್ನೇ: ಮುರಿದ ಭಾಗವನ್ನು ಹೊಸದಾಗಿ ನಿರ್ಮಿಸುತ್ತಾನೆ, ಬಿಡಿಭಾಗಗಳನ್ನು ಜೋಡಿಸುತ್ತಾನೆ, ಜನ ಓಡಾಡುವಲ್ಲಿ ಅದನ್ನು ಇಡುತ್ತಾನೆ, ಅದರ ಬಗೆಗೆ ಮಾತನಾಡುತ್ತಾನೆ. ಅಜೀವವೆಂಬ ಕಾರಣದಿಂದ ಹೊಣೆ ಕಳೆಯುವುದಿಲ್ಲ. ಹೊಣೆ ವಸ್ತುವಿನಿಂದ ಮನುಷ್ಯನಿಗೆ ಬರುತ್ತದೆ, ಅಷ್ಟೆ.

ಎರಡನೆಯ ಅಭಿಪ್ರಾಯ ಇದಕ್ಕೆ ನೇರ ವಿರುದ್ಧವಾದುದು. ಹಿಂಸೆಯ ಉಪಕರಣವನ್ನು ಉಳಿಸುವುದೇಕೆ, ಕರಗಿಸಿಬಿಡಬಾರದೇಕೆ ಎಂದು ಅದು ಕೇಳುತ್ತದೆ. ವಿಮಾನದ ಅಲ್ಯೂಮಿನಿಯಂ ಕರಗಿ ಪಾತ್ರೆಯಾಗಿ ಅನ್ನ ಬೇಯಿಸಿದರೆ ಅದಕ್ಕಿಂತ ಸದ್ಗತಿ ಯಾವುದು? ಈ ಮಾತಿನಲ್ಲಿ ಕರುಣೆಯಿದೆ, ಗೌರವಿಸಬೇಕಾದ ಮಾತು. ಅನರ್ಥದಂಡಗಳನ್ನು ವಿವರಿಸುವಾಗ ಸಮಂತಭದ್ರಾಚಾರ್ಯರು ಕೊಡಲಿ, ಖಡ್ಗ ಮೊದಲಾದವನ್ನು ಪರರಿಗೆ ಕೊಡುವ ಹಿಂಸಾದಾನವನ್ನು ಎಣಿಸಿರುವುದೂ ಈ ಪಕ್ಷಕ್ಕೆ ಬಲ ಕೊಡುತ್ತದೆ. ಆದರೆ ಹಿಂಸಾದಾನದ ದೋಷ ಇರುವುದು ಹಿಂಸೆಗೆ ಸಾಧನವನ್ನು ಒದಗಿಸುವುದರಲ್ಲಿ. ಸ್ಫೋಟಕ ತೆಗೆದ, ಫಿರಂಗಿ ಮುಚ್ಚಿದ, ಎಂದೂ ಹಾರಲಾರದ ವಿಮಾನ ಸಾಧನವಾಗಿ ಉಳಿದಿಲ್ಲ, ಅದು ಸಾಕ್ಷಿಯಾಗಿದೆ. ಸಾಕ್ಷಿಯನ್ನು ಕರಗಿಸಿದರೆ ನಡೆದುದು ನಡೆಯದಂತೆ ಆಗುವುದಿಲ್ಲ, ಮರೆತುಹೋಗುತ್ತದೆ. ಮರೆತ ತಪ್ಪಿಗೆ ಪ್ರತಿಕ್ರಮಣವಿಲ್ಲ. ದಿನದಿನವೂ ತನ್ನ ದೋಷಗಳನ್ನು ನೆನೆದು ಆಲೋಚನೆ ಮಾಡಿಕೊಳ್ಳುವ ಪದ್ಧತಿಯುಳ್ಳ ಸಮಾಜಕ್ಕೆ, ನೆನಪಿನಿಂದಲೇ ಶುದ್ಧಿ ಆರಂಭವಾಗುತ್ತದೆಂಬುದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಮೂರನೆಯ ಅಭಿಪ್ರಾಯವೇ ಹೆಚ್ಚು ಪ್ರಚಲಿತವಾದುದು. ವಿಮಾನವನ್ನು ನೋಡಿ ಮಕ್ಕಳು ಹೆಮ್ಮೆಪಡಲಿ, ದೇಶ ಕಾದವರ ಧೈರ್ಯವನ್ನೂ ಕಟ್ಟಿದವರ ಕೌಶಲವನ್ನೂ ಅರಿಯಲಿ ಎಂಬುದು ಅದರ ಸಾರ. ಇದನ್ನು ಸುಳ್ಳೆನ್ನುವಂತಿಲ್ಲ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ತ್ಯಾಗ ವಿಧಿಸಲ್ಪಟ್ಟಿದೆ; ದೇಶವನ್ನೂ ಆಶ್ರಿತರನ್ನೂ ಕಾಯುವಲ್ಲಿ ಅನಿವಾರ್ಯವಾಗುವ ವಿರೋಧೀ ಹಿಂಸೆಯನ್ನು ಬೇರೆಯಾಗಿಯೇ ಎಣಿಸಲಾಗಿದೆ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿಯಾಗಿದ್ದನೆಂಬುದನ್ನು ಮರೆಯುವಂತಿಲ್ಲ. ಕಾದಿದವನ ಧೈರ್ಯವನ್ನು ಕೃತಜ್ಞತೆಯಿಂದ ನೆನೆಯುವುದು ತಪ್ಪಲ್ಲ. ಆದರೆ ಅನಿವಾರ್ಯವೆಂದು ಕ್ಷಮಿಸಲ್ಪಟ್ಟ ಹಿಂಸೆ ಒಂದು, ನೋಡಿ ನಲಿಯುವ ಹಿಂಸೆ ಇನ್ನೊಂದು. ತಾನು ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಅನುಮೋದಿಸುವುದು ಈ ಮೂರರಲ್ಲಿ ಮೂರನೆಯದು ಕುಳಿತಲ್ಲಿಯೇ, ಬೆವರಿಲ್ಲದೆ, ಪ್ರಾಣಭಯವಿಲ್ಲದೆ ಸಿದ್ಧಿಸುತ್ತದೆ. ಯುದ್ಧದಲ್ಲಿ ಪೈಲಟನಿಗೆ ಸಾವಿನ ಭಯವಾದರೂ ಇತ್ತು. ಐವತ್ತು ವರ್ಷಗಳ ಅನಂತರ ಫಲಕ ಓದಿ 'ಚೆನ್ನಾಗಿ ಹೊಡೆದ' ಎನ್ನುವವನಿಗೆ ಯಾವ ಭಯವೂ ಇಲ್ಲ. ದ್ವೇಷವನ್ನೂ ಮದವನ್ನೂ ಕೆರಳಿಸಿ ಚಿತ್ತವನ್ನು ಕಲುಷಗೊಳಿಸುವ ಕಥೆಗಳನ್ನು ಕೇಳುವುದನ್ನು ದುಃಶ್ರುತಿಯೆಂದು ಆಚಾರ್ಯರು ಅನರ್ಥದಂಡದಲ್ಲಿ ಸೇರಿಸಿರುವುದು ಈ ಕಾರಣದಿಂದಲೇ. ಪ್ರದರ್ಶನಫಲಕವೂ ಒಂದು ಶ್ರುತಿ. ಅದು ಸುಶ್ರುತಿಯಾಗುವುದೋ ದುಃಶ್ರುತಿಯಾಗುವುದೋ ಬರೆದವನ ಕೈಯಲ್ಲಿದೆ.

ಹಾಗಾದರೆ ಅವೆರಡರ ನಡುವಣ ಗೆರೆ ಎಲ್ಲಿದೆ? ಇದಕ್ಕೆ ಉತ್ತರ ಹುಡುಕಲು ವಿದೇಶದ ಒಂದು ನಿದರ್ಶನ ಸಹಾಯಕವಾದೀತು. ಅದು ಜೆಟ್ ವಿಮಾನವಲ್ಲ, ಪ್ರೊಪೆಲರಿನ ಬಾಂಬರ್. ಆದರೆ ಯುದ್ಧವಿಮಾನದ ಜೀರ್ಣೋದ್ಧಾರದ ಬಗೆಗೆ ಲೋಕದಲ್ಲಿ ಅದರಷ್ಟು ವಿವಾದಕ್ಕೆ ಗುರಿಯಾದದ್ದು ಬಹುಶಃ ಮತ್ತೊಂದಿಲ್ಲ. 1945ರ ಆಗಸ್ಟ್ 6ರಂದು ಜಪಾನಿನ ಹಿರೋಶಿಮಾ ನಗರದ ಮೇಲೆ ಪರಮಾಣು ಬಾಂಬನ್ನು ಹಾಕಿದ ಅಮೆರಿಕದ ಬಿ-29 ವಿಮಾನದ ಹೆಸರು 'ಎನೋಲಾ ಗೇ'. ಅದು ಆ ವಿಮಾನವನ್ನು ನಡೆಸಿದ ಪೈಲಟನ ತಾಯಿಯ ಹೆಸರು. ಯುದ್ಧಾನಂತರ ವರ್ಷಗಟ್ಟಲೆ ಬಯಲಿನಲ್ಲಿ ನಿಂತ ಆ ವಿಮಾನದಿಂದ ಜನ ನೆನಪಿಗೆಂದು ಭಾಗಗಳನ್ನು ಕಿತ್ತೊಯ್ದರು, ಹಕ್ಕಿಗಳು ಒಳಹೊಕ್ಕು ಗೂಡು ಕಟ್ಟಿದವು. 1984ರ ಡಿಸೆಂಬರಿನಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಕುಶಲಿಗಳು ಅದರ ಜೀರ್ಣೋದ್ಧಾರವನ್ನು ಆರಂಭಿಸಿದರು. ಕೆಲಸ ಮುಗಿಯುವ ವೇಳೆಗೆ ಸುಮಾರು ಮೂರು ಲಕ್ಷ ಗಂಟೆಗಳ ಶ್ರಮ ಅದರಲ್ಲಿ ಸೇರಿತ್ತು.

ಆದರೆ ಕಷ್ಟ ಬಂದದ್ದು ಲೋಹದಲ್ಲಲ್ಲ, ಮಾತಿನಲ್ಲಿ. ಯುದ್ಧ ಮುಗಿದು ಐವತ್ತು ವರ್ಷವಾಗುವ 1995ರಲ್ಲಿ ಆ ವಿಮಾನದ ಜೊತೆಗೆ ಬಾಂಬಿನ ಪರಿಣಾಮವನ್ನು ತೋರಿಸುವ ವಸ್ತುಗಳನ್ನೂ ಇಟ್ಟು, ಅದನ್ನು ಹಾಕಿದ ನಿರ್ಣಯದ ವಿಮರ್ಶೆಯನ್ನೂ ಒಳಗೊಂಡ ಪ್ರದರ್ಶನ ನಡೆಸಬೇಕೆಂದು ಅಲ್ಲಿನ ರಾಷ್ಟ್ರೀಯ ವೈಮಾನಿಕ ಸಂಗ್ರಹಾಲಯ ಯೋಜಿಸಿತು. ಮಾಜಿ ಸೈನಿಕರ ಸಂಘಗಳು ಇದನ್ನು ತೀವ್ರವಾಗಿ ವಿರೋಧಿಸಿದವು; ತಮ್ಮ ತ್ಯಾಗವನ್ನು ಕಡೆಗಣಿಸಿ ತಮ್ಮನ್ನೇ ಅಪರಾಧಿಗಳಂತೆ ಚಿತ್ರಿಸಲಾಗಿದೆಯೆಂದು ಅವರಿಗೆ ಅನಿಸಿತು. 1995ರ ಜನವರಿ 30ರಂದು ಆ ಯೋಜನೆಯನ್ನು ಕೈಬಿಡಲಾಯಿತು. ಮೇ ತಿಂಗಳಲ್ಲಿ ಸಂಗ್ರಹಾಲಯದ ನಿರ್ದೇಶಕರು ರಾಜೀನಾಮೆ ಕೊಟ್ಟರು. ಜೂನ್‌ನಲ್ಲಿ ವಿಮಾನದ ಕೆಲವು ಭಾಗಗಳನ್ನು ಮಾತ್ರ ಇಟ್ಟು ಸರಳವಾದ ಪ್ರದರ್ಶನ ತೆರೆಯಿತು. 2003ರ ಡಿಸೆಂಬರಿನಲ್ಲಿ ಇಡೀ ವಿಮಾನ ಹೊಸ ಕಟ್ಟಡದಲ್ಲಿ ಹೊಳೆಹೊಳೆಯುತ್ತ ನಿಂತಾಗ ಅದರ ಫಲಕದಲ್ಲಿ ಪ್ರಧಾನವಾಗಿ ತಾಂತ್ರಿಕ ವಿವರಗಳಿದ್ದವು. ಹಿರೋಶಿಮಾದ ಹೆಸರಿತ್ತು, ಸತ್ತವರ ಲೆಕ್ಕವಿರಲಿಲ್ಲ. 1945ರ ಅಂತ್ಯದೊಳಗೆ ಆ ನಗರದಲ್ಲಿ ಸತ್ತವರು ಸುಮಾರು ಒಂದು ಲಕ್ಷ ನಲವತ್ತು ಸಾವಿರ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಅನೇಕಾಂತವನ್ನು ಬಲ್ಲವರು ಇಲ್ಲಿ ಯಾವ ಪಕ್ಷವನ್ನೂ ಸುಲಭವಾಗಿ ಖಂಡಿಸಲಾರರು. ಸಂಗಡಿಗರು ಕಣ್ಣೆದುರಿಗೆ ಸತ್ತುದನ್ನು ಕಂಡ ಮಾಜಿ ಸೈನಿಕನ ಮಾತೂ ಒಂದು ನಯ. ಸುಟ್ಟ ನಗರದಲ್ಲಿ ಮಗುವನ್ನು ಹುಡುಕಿದ ತಾಯಿಯ ಮಾತೂ ಒಂದು ನಯ. ಎರಡೂ ಸತ್ಯದ ಅಂಶಗಳು. ಒಂದು ನಯ ಇನ್ನೊಂದನ್ನು ಗೋಡೆಯಿಂದ ಕೆಳಗಿಳಿಸಿದಾಗ ಮಾತ್ರ ಅದು ದುರ್ನಯವಾಗುತ್ತದೆ. ಮೂರು ಲಕ್ಷ ಗಂಟೆಗಳ ಶ್ರಮದಿಂದ ಪ್ರತಿಯೊಂದು ತಗಡನ್ನೂ ಬೆಳಗಿದವರು ತಮ್ಮ ಕೆಲಸದಲ್ಲಿ ಅಪ್ರಾಮಾಣಿಕರಾಗಿರಲಿಲ್ಲ. ಆದರೂ ಬೆಳಗಿದ ತಗಡು ಎಲ್ಲವನ್ನೂ ಹೇಳಲಾರದು. ವಿಮಾನದಿಂದ ಬಾಂಬು ಕಳಚಿದ ಕ್ಷಣಕ್ಕೆ ಕಥೆಯನ್ನು ನಿಲ್ಲಿಸಿ, ಅದು ನೆಲವನ್ನು ಮುಟ್ಟಿದ ಮೇಲಿನದನ್ನು ಬಿಟ್ಟರೆ, ಹೇಳಿದ ಪ್ರತಿಯೊಂದು ಮಾತೂ ನಿಜವಾಗಿದ್ದರೂ ಒಟ್ಟು ಮಾತು ನಿಜವಾಗುವುದಿಲ್ಲ.

ಈಗ ಕಸ್ತೂರಬಾ ರಸ್ತೆಯ ಕಲ್ಲಿನ ಕಡೆಗೆ ಮರಳಬಹುದು. ಆತಕೂರಿನ ಶಾಸನ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದುದನ್ನೂ ಗಂಗ ಬೂತುಗನ ಪರಾಕ್ರಮವನ್ನೂ ಹೇಳುತ್ತದೆ. ಆದರೆ ಆ ಕಲ್ಲು ನೆಟ್ಟದ್ದು ರಾಜನಿಗಾಗಿ ಅಲ್ಲ, ಕಾಳಿ ಎಂಬ ಒಂದು ನಾಯಿಗಾಗಿ. ಬೂತುಗನ ಸೇವಕನಾದ ಮಣಲೆರನು ತನ್ನ ಶೌರ್ಯಕ್ಕೆ ಮೆಚ್ಚಿ ಒಡೆಯನು ಏನು ಬೇಕೆಂದು ಕೇಳಿದಾಗ ಆ ನಾಯಿಯನ್ನು ಬೇಡಿ ಪಡೆದನು. ಅದನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಡನೆ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಇಲ್ಲಿ ಗಮನಿಸಬೇಕಾದುದು ರೂವಾರಿಯ ಕೆಲಸ. ಕಲ್ಲಿನ ಮೇಲೆ ಅವನು ನಾಯಿಯೊಂದನ್ನೇ ಕೆತ್ತಲಿಲ್ಲ. ಎದುರು ನಿಂತ ಹಂದಿಯನ್ನೂ ಕೆತ್ತಿದನು. ಶಾಸನ ಬರೆದವನೂ ಎರಡೂ ಸತ್ತವೆಂದು ಬರೆದನು. ಬೇಟೆಯನ್ನು ಜೈನಧರ್ಮ ಎಂದೂ ಒಪ್ಪದು. ಆ ಕಾಲದವರು ಅಹಿಂಸಾವ್ರತಿಗಳಾಗಿದ್ದರೆಂದು ಹೇಳುವುದೂ ಸಲ್ಲದು. ಆದರೂ ಸತ್ತವರ ಲೆಕ್ಕದಲ್ಲಿ ಎದುರಾಳಿಯನ್ನು ಬಿಡಬಾರದೆಂಬ ಋಜುತ್ವ ಆ ಹೆಸರಿಲ್ಲದ ಕಲ್ಲುಕುಟಿಗನಲ್ಲಿತ್ತು. ಸಾವಿರ ವರ್ಷಗಳ ಅನಂತರದ ಫಲಕಗಳಲ್ಲಿ ಅದೇ ಋಜುತ್ವ ಅಪೂರ್ವವಾಗಿದೆ.

ಆದ್ದರಿಂದ ಆಯುಧವನ್ನು ಉಳಿಸುವುದು ದೋಷವಲ್ಲ, ಅರ್ಧ ಸತ್ಯವನ್ನು ಉಳಿಸುವುದು ದೋಷ ಎಂದು ನಿಷ್ಕರ್ಷಿಸಬಹುದು. ಯುದ್ಧವಿಮಾನದ ಜೀರ್ಣೋದ್ಧಾರ ಅಹಿಂಸಾವ್ರತಕ್ಕೆ ಒಡ್ಡುವ ಪರೀಕ್ಷೆ ನಿಜವಾಗಿ ಸತ್ಯವ್ರತದ ಪರೀಕ್ಷೆ. ಮರುತ್ ವಿಮಾನದ ಪೂರ್ಣ ಸತ್ಯದಲ್ಲಿ ಅದನ್ನು ಕಟ್ಟಿದವರ ಜಾಣ್ಮೆಯಿದೆ, ತಕ್ಕ ಎಂಜಿನ್ ದೊರೆಯದ ವೈಫಲ್ಯವಿದೆ, ಅದನ್ನು ಸುಧಾರಿಸುವ ಯತ್ನದಲ್ಲಿ ಪ್ರಾಣಬಿಟ್ಟ ಸುರಂಜನ್ ದಾಸ್ ಇದ್ದಾರೆ, ಮರುಭೂಮಿಯ ಮೇಲೆ ಹಾರಿ ಹಿಂದಿರುಗದ ಪೈಲಟರಿದ್ದಾರೆ, ಅದರ ಗುಂಡುಗಳು ತಗುಲಿದ ಕಡೆ ಇದ್ದ ಮನುಷ್ಯರೂ ಇದ್ದಾರೆ. ಈ ಕೊನೆಯವರ ಹೆಸರು ಫಲಕ ಬರೆಯುವವರಿಗೆ ತಿಳಿದಿರಲಾರದು. ಹೆಸರು ತಿಳಿಯದಿದ್ದರೂ ಅವರಿದ್ದರೆಂದು ಒಂದು ವಾಕ್ಯ ಬರೆಯಲು ಅಡ್ಡಿಯಿಲ್ಲ. ಆ ವಾಕ್ಯದಿಂದ ದೇಶ ಕಾದವನ ಗೌರವ ಕಿಂಚಿತ್ತೂ ಕುಂದದು. ತಾನು ಹೊಡೆದದ್ದು ಮನುಷ್ಯರನ್ನೆಂದು ಅರಿತು ಕರ್ತವ್ಯ ಮಾಡಿದವನ ಭಾರ ದೊಡ್ಡದು; ಅದನ್ನು ಮರೆಮಾಚಿದರೆ ಅವನ ಭಾರವನ್ನೇ ಕಿರಿದುಮಾಡಿದಂತೆ.

ಆದಿಪುರಾಣದ ಒಂದು ಪ್ರಸಂಗ ಈ ಸಂದರ್ಭದಲ್ಲಿ ಸ್ಮರಣೀಯ. ಭರತೇಶ್ವರನಿಗೆ ಒಂದೇ ಹೊತ್ತಿನಲ್ಲಿ ಮೂರು ವಾರ್ತೆಗಳು ಬಂದವು: ತಂದೆಯಾದ ಆದಿಜಿನನಿಗೆ ಕೇವಲಜ್ಞಾನ ಉದಯಿಸಿತು, ಆಯುಧಶಾಲೆಯಲ್ಲಿ ಚಕ್ರರತ್ನ ಹುಟ್ಟಿತು, ಪುತ್ರನು ಜನಿಸಿದನು. ಭರತನು ಮೊದಲು ಹೋದದ್ದು ಜಿನವಂದನೆಗೆ, ಚಕ್ರಪೂಜೆ ಅನಂತರ. ಆಯುಧವನ್ನು ಅವನು ಬಿಸಾಡಲಿಲ್ಲ, ಆದರೆ ಅದಕ್ಕೆ ಮೊದಲ ಸ್ಥಾನವನ್ನು ಕೊಡಲಿಲ್ಲ. ಮುಂದೆ ಅದೇ ಭರತ ಸೋಲಿನ ಕೋಪದಲ್ಲಿ ಅದೇ ಚಕ್ರವನ್ನು ತಮ್ಮನಾದ ಬಾಹುಬಲಿಯ ಮೇಲೆ ಪ್ರಯೋಗಿಸಿದನು. ಚಕ್ರ ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಪುರಾಣಕಾರರು ಆ ಚಕ್ರದ ತೇಜಸ್ಸನ್ನು ಎಷ್ಟು ವರ್ಣಿಸಿದರೂ ಅಣ್ಣನು ತಮ್ಮನ ಮೇಲೆ ಅದನ್ನು ಬಿಟ್ಟನೆಂಬುದನ್ನು ಮುಚ್ಚಿಡಲಿಲ್ಲ. ಚಕ್ರವರ್ತಿಯ ಕೀರ್ತಿಗೆ ಕುಂದೆಂದು ಆ ಪ್ರಸಂಗವನ್ನು ಬಿಟ್ಟಿದ್ದರೆ ಬಾಹುಬಲಿಯ ವೈರಾಗ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಈ ವಿವೇಚನೆಯ ಬೆಳಕಿನಲ್ಲಿ ಇಂತಹ ಕಾರ್ಯಕ್ಕೆ ಕೈಹಾಕುವ ಶ್ರಾವಕನಾಗಲಿ ಸಂಸ್ಥೆಯಾಗಲಿ ಮೂರು ನಿಯಮಗಳನ್ನು ಪಾಲಿಸುವುದು ಉಚಿತ. ಮೊದಲನೆಯದು, ವಿಮಾನ ಸಂಪೂರ್ಣ ನಿರುಪದ್ರವವಾಗಿದೆಯೆಂದು ಬಲ್ಲವರಿಂದ ಲಿಖಿತವಾಗಿ ದೃಢಪಡಿಸಿಕೊಳ್ಳದೆ ಅದನ್ನು ಸ್ವೀಕರಿಸಬಾರದು. ಕೆಲಸದಲ್ಲಿ ಕೆಲಸಗಾರರ ಆರೋಗ್ಯಕ್ಕೂ ಅದರೊಳಗೆ ಆಶ್ರಯ ಪಡೆದ ಪ್ರಾಣಿಗಳಿಗೂ ಕೇಡಾಗದಂತೆ ನೋಡಿಕೊಳ್ಳಬೇಕು. ಎರಡನೆಯದು, ಬಣ್ಣಕ್ಕೆ ಹಣ ಕೂಡಿಸುವ ಮೊದಲೇ ಫಲಕದ ಮಾತು ನಿಶ್ಚಯವಾಗಬೇಕು. ಅದರಲ್ಲಿ ಸಾಧನೆಯ ಜೊತೆಗೆ ವೈಫಲ್ಯ, ತಮ್ಮವರ ಸಾವಿನ ಜೊತೆಗೆ ಎದುರು ಪಕ್ಷದವರ ಸಾವು ಇರಬೇಕು. ಅದನ್ನು ಬರೆಯಲು ಅವಕಾಶವಿಲ್ಲವೆಂದಾದರೆ ವಿನಯದಿಂದ ಆ ಕಾರ್ಯದಿಂದ ಹಿಂದೆ ಸರಿಯುವುದೇ ಲೇಸು. ಮೂರನೆಯದು, ಇಡುವ ಸ್ಥಳ. ಮಕ್ಕಳು ಹತ್ತಿ ಆಡುವ ಉದ್ಯಾನದಲ್ಲಿ, ಗುಂಡು ಹಾರಿಸುವ ಆಟದ ನಡುವೆ ನಿಲ್ಲಿಸಿದ ಯುದ್ಧವಿಮಾನ ಹಿಂಸೆಯನ್ನು ವಿನೋದವಾಗಿ ಮಾಡುತ್ತದೆ, ಅದು ಪ್ರಮಾದಚರ್ಯೆ. ಜಿನಮಂದಿರದ ಆವರಣದಲ್ಲಿ ಅದು ಖಂಡಿತವಾಗಿ ಕೂಡದು. ಅಲ್ಲಿಗೆ ಬರುವವನು ಶಸ್ತ್ರವನ್ನು ಹೊರಗಿಟ್ಟು ಬರಬೇಕಾದವನು. ಓದುವ, ಕೇಳುವ, ಯೋಚಿಸುವ ಸ್ಥಳದಲ್ಲಿ, ವಿವರಿಸಿ ಹೇಳುವವರು ಇರುವಲ್ಲಿ ನಿಲ್ಲಿಸಿದರೆ ಮಾತ್ರ ಅದರಿಂದ ಪ್ರಯೋಜನ.

ಇಷ್ಟನ್ನು ಪಾಲಿಸಿದರೂ ಈ ಕಾರ್ಯ ನಿರ್ದೋಷವೆಂದು ಹೇಳಿಬಿಡಲಾಗದು. ದಾನಿಗಳು ಕೊಟ್ಟ ಅದೇ ಹಣದಿಂದ ಒಂದು ಔಷಧಾಲಯ ನಡೆಯಬಹುದಾಗಿತ್ತಲ್ಲವೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ, ಉಳಿಯಬೇಕು ಕೂಡ. ಧರ್ಮದ್ರವ್ಯದ ವಿನಿಯೋಗದಲ್ಲಿ ಜೀವದಯೆಯ ಕೆಲಸಕ್ಕೆ ಆದ್ಯತೆ. ಸ್ಮಾರಕಕ್ಕೆ ಬೇಕಾದುದನ್ನು ಅದಕ್ಕೆಂದೇ ಬೇರೆಯಾಗಿ ಕೂಡಿಸುವುದು ನ್ಯಾಯ. ಸಂದೇಹವನ್ನು ಪೂರ್ತಿ ಕಳೆದುಕೊಂಡು ಆಯುಧದ ಬಳಿ ಕೆಲಸ ಮಾಡುವವನಿಗಿಂತ, ಸಂದೇಹವನ್ನು ಉಳಿಸಿಕೊಂಡು ಎಚ್ಚರದಿಂದ ಮಾಡುವವನೇ ಮೇಲು.

ಕಡೆಯಲ್ಲಿ ಮಗುವಿನ ಪ್ರಶ್ನೆ ಉಳಿಯುತ್ತದೆ. ಮೂತಿಯ ರಂಧ್ರಗಳೇನೆಂದು ಕೇಳಿದ ಮಗುವಿಗೆ ಅವು ದೀಪಗಳೆಂದು ಹೇಳಿ ಕರೆದೊಯ್ಯುವುದು ಸುಲಭ. ವೈರಿಗಳನ್ನು ಹೊಡೆದು ಹಾಕಿದವು ಎಂದು ಹುರಿದುಂಬಿಸುವುದು ಇನ್ನೂ ಸುಲಭ. ಅವು ಫಿರಂಗಿಗಳೆಂದೂ, ದೇಶ ಕಾಯಲು ಬಳಸಿದರೆಂದೂ, ಅವುಗಳಿಂದ ಮನುಷ್ಯರು ಸತ್ತರೆಂದೂ, ಹಾರಿಸಿದವರಲ್ಲಿಯೂ ಕೆಲವರು ಸತ್ತರೆಂದೂ, ಈಗ ಅವು ಸುಡಲಾರವೆಂದೂ ಸಮಾಧಾನದಿಂದ ಹೇಳುವುದಕ್ಕೆ ಐದು ನಿಮಿಷ ಸಾಕು. ಆ ಐದು ನಿಮಿಷ ನಿಲ್ಲಲು ಸಿದ್ಧರಿರುವ ತಂದೆತಾಯಿಗಳಿಗೆ ಕಸ್ತೂರಬಾ ರಸ್ತೆಯ ಲೋಹದ ಸ್ಮಾರಕವೂ ಅಹಿಂಸೆಯ ಪಾಠಶಾಲೆಯಾಗುತ್ತದೆ.